ಐವತ್ತೆಂಟು ಜಾಗಗಳ ಪಾಳಿ

ಬಸವಲಿಂಗಪ್ಪನವರು ನಮ್ಮ ಶಾಖೆಗೆ ಬರುವ ಮೊದಲೇ ಅವರ ಸುದ್ದಿ ಬಂತು. ತಂದವನು ನಮ್ಮ ಗುಮಾಸ್ತ ಅಂಬಾದಾಸ. ಕೆಟ್ಟ ಸುದ್ದಿ ಸಿಕ್ಕರೆ ಅದನ್ನು ಬಿಸಿ ಆರುವ ಮುಂಚೆ ಬಡಿಸದೆ ಅವನಿಗೆ ಸಮಾಧಾನವಿಲ್ಲ.

"ಮೇಡಂ, ಆ ಮುದುಕ ನಿನ್ನೆ ಆಚಿ ಶಾಖಿಗೆ ಹೋಗಿದ್ನಂತ್ರಿ. ಹೊಲಿಗಿ ಮಿಷಿನ್ ಒಂದೊಂದ ಡಬ್ಬ ಹಾಕಿ ನೋಡಿದ್ನಂತ. ಅಡಿಯಾಗ ನೂಲಿನ ಜುಂಗಿಲ್ಲ, ಎಣ್ಣಿ ಕಲಿ ಇಲ್ಲ. ಇಲ್ಲಿ ಮುನ್ನೂರು ಮಂದಿ ಹೊಲಿಗಿ ಕಲ್ತಾರಂತ ಬರ್ದೀರಿ, ಒಂದು ಮಿಷಿನ್ನರೆ ಹೊಲ್ದಂಗ ಕಾಣವಲ್ದು ಅಂದ್ನಂತ್ರಿ."

ನಾನು ನಕ್ಕೆ. ಆಚೆ ಶಾಖೆಯ ಅಧಿಕಾರಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಹಾಗಾಗಿ ಮನಸಾರೆ ನಕ್ಕೆ. ಆಮೇಲೆ ಕಪಾಟಿನಲ್ಲಿದ್ದ ನನ್ನ ರಿಜಿಸ್ಟರಿನ ಕಡೆ ಕಣ್ಣು ಹೋಯಿತು, ನಗು ಅಲ್ಲಿಗೇ ನಿಂತಿತು. ನನ್ನ ಯಂತ್ರಗಳು ಚೆನ್ನಾಗಿದ್ದವು. ನನ್ನ ರಿಜಿಸ್ಟರ್ ಸುಳ್ಳಾಗಿತ್ತು.

ಇದನ್ನು ಬಿಡಿಸಿ ಹೇಳಬೇಕು. ಎರಡು ಸಾವಿರದ ಮೂರನೇ ಇಸವಿ. ನಾನು ಪಶ್ಚಿಮಾಂಚಲ ಅಭಿವೃದ್ಧಿ ನಿಗಮ ಎಂಬ ಸರ್ಕಾರಿ ಸಂಸ್ಥೆಯ ಕೊಂಡಾಪುರ ಶಾಖೆಯ ಅಧಿಕಾರಿ. ತೆಲುಗು ನಾಡಿನ ರಾಜಧಾನಿಯ ಅಂಚಿನಲ್ಲಿ, ಕೊಂಡಾಪುರದಿಂದ ಗಚ್ಚಿಬೌಲಿಯವರೆಗೆ ಆಗ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಕಟ್ಟುವವರಲ್ಲಿ ಅರ್ಧಕ್ಕರ್ಧ ಜನ ಸುರಪುರ, ಶಹಾಪುರ, ದೇವದುರ್ಗದ ಕಡೆಯವರು. ಕಟ್ಟಡ ಮುಗಿದ ದಿನ ಅವರ ಕೆಲಸವೂ ಮುಗಿಯುತ್ತಿತ್ತು. ಒಳಗೆ ಏಸಿ ಶುರುವಾಗುವ ಹೊತ್ತಿಗೆ ಹೊರಗೆ ಇವರ ಗುಡಿಸಲು ಕೀಳಿಸುತ್ತಿದ್ದರು, ಇವರು ಗಂಟುಮೂಟೆ ಕಟ್ಟಿಕೊಂಡು ಮುಂದಿನ ಕಟ್ಟಡಕ್ಕೆ ಹೋಗುತ್ತಿದ್ದರು. ಅವರಲ್ಲಿ ಕೆಲವರನ್ನಾದರೂ ಆ ಕಟ್ಟಡಗಳ ಒಳಗೇ ಕಾಯಂ ಕೆಲಸಕ್ಕೆ ಸೇರಿಸುವುದು ನನ್ನ ಕೆಲಸ. ಕ್ಯಾಂಟೀನು, ಕಸ ಗುಡಿಸುವುದು, ತೋಟಕ್ಕೆ ನೀರು ಹಾಯಿಸುವುದು. ಎರಡು ವರ್ಷದ ಹಿಂದೆ ಗುತ್ತಿಗೆದಾರರ ಬಾಗಿಲಲ್ಲಿ ನಿಂತು, ಕಾಡಿ ಬೇಡಿ, ಕೆಲವು ಸಲ ಜಗಳ ಮಾಡಿ, ಐವತ್ತೆಂಟು ಜಾಗ ಗಿಟ್ಟಿಸಿ ಅವರ ಹೆಂಗಸರನ್ನು ಸೇರಿಸಿದ್ದೆ.

ಆದರೆ ಈ ಹೆಂಗಸರಿಗೆ ಊರಿನ ನಂಟು ಪೂರ್ತಿ ಹರಿಯುವುದಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಹೋಗಬೇಕು, ಹೆರಿಗೆಗೆ ಹೋಗಬೇಕು, ಅತ್ತೆ ಹಾಸಿಗೆ ಹಿಡಿದರೆ ಹೋಗಬೇಕು. ಮೂರು ದಿನ ಬಾರದಿದ್ದರೆ ಗುತ್ತಿಗೆದಾರ ಆ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದ. ಅದಕ್ಕೆ ಅವರು ತಮ್ಮದೇ ಒಂದು ದಾರಿ ಮಾಡಿಕೊಂಡರು. ಶಂಕ್ರಮ್ಮ ಊರಿಗೆ ಹೋದಳೋ, ಅವಳ ನಾದಿನಿ ಬಂಡೆಮ್ಮ ಅದೇ ಗೇಟ್ ಪಾಸು ಕೊರಳಿಗೆ ಹಾಕಿಕೊಂಡು ಮರುದಿನ ಹಾಜರು. ಪಾಸಿನ ಮೇಲೆ ಫೋಟೊ ಇತ್ತು. ಸೆರಗು, ಕುಂಕುಮ, ಹೆದರಿದ ಎರಡು ಕಣ್ಣು. ಕಾವಲುಗಾರನಿಗೆ ಅಷ್ಟು ಹೊಂದಿದರೆ ಸಾಕಾಗಿತ್ತು. ಕಸಬರಿಗೆ ಹಿಡಿದವಳ ಮುಖ ನೋಡುವ ಪುರುಸೊತ್ತು ಆ ಗೇಟಿನಲ್ಲಿ ಯಾರಿಗೂ ಇರಲಿಲ್ಲ. ಇದಕ್ಕೆ ಅವರು ಪಾಳಿ ಎನ್ನುತ್ತಿದ್ದರು. ಯಾರ ನಂತರ ಯಾರು ಎಂದು ಗೊತ್ತು ಮಾಡುವವಳು ಅವರೆಲ್ಲ ಇದ್ದ ತಗಡಿನ ಮನೆಗಳ ಬಿಡಾರದ ಹಿರಿಯಳು ಸೂಗಮ್ಮ.

ನಾನು ಕಂಡೂ ಕಾಣದ ಹಾಗೆ ಇದ್ದೆ. ಮೊದಲ ದಿನ ಸೇರಿದವರ ಹೆಸರನ್ನೇ ಪ್ರತಿ ತಿಂಗಳು ರಿಜಿಸ್ಟರಿನಲ್ಲಿ ಬರೆಯುತ್ತ ಹೋದೆ. ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಅಷ್ಟರಲ್ಲಿ ಸರ್ಕಾರಕ್ಕೆ ತನ್ನ ಇಂಥ ಸಂಸ್ಥೆಗಳಲ್ಲಿ ಯಾವುದು ಕೆಲಸ ಮಾಡುತ್ತಿದೆ, ಯಾವುದು ಬರೀ ಕುರ್ಚಿ ಬಿಸಿ ಮಾಡುತ್ತಿದೆ ಎಂದು ತಿಳಿಯುವ ಮನಸ್ಸಾಯಿತು. ಶಾಖೆ ಶಾಖೆಗೂ ಮೌಲ್ಯಮಾಪನ. ನೂರು ಅಂಕ, ನಲವತ್ತಕ್ಕಿಂತ ಕಡಿಮೆ ಬಂದ ಶಾಖೆಗೆ ಬೀಗ. ಅದರಲ್ಲಿ ಅರವತ್ತು ಅಂಕ ಒಂದೇ ಪ್ರಶ್ನೆಗೆ ಇತ್ತು: ನೀವು ಕೆಲಸಕ್ಕೆ ಸೇರಿಸಿದವರು, ವರ್ಷವಾದ ಮೇಲೆ, ಅವರೇ ಅಲ್ಲಿದ್ದಾರೆಯೇ? ನನ್ನ ರಿಜಿಸ್ಟರಿನ ಪ್ರಕಾರ ಐವತ್ತೆಂಟಕ್ಕೆ ಐವತ್ತೆಂಟೂ ಜನ ಇದ್ದರು. ನಿಜವಾಗಿ ಇದ್ದವರು ಹನ್ನೊಂದು.

ಹಾಗಾಗಿ ಆ ಭಾನುವಾರ ನಾನು ಬಿಡಾರಕ್ಕೆ ಹೋಗಿ ಎಲ್ಲರಿಗೂ ಪಾಠ ಹೇಳಿಕೊಟ್ಟೆ. ಬಂಡೆಮ್ಮ, ತೆಲುಗಿನಲ್ಲಿ ಕೇಳಿದರೆ ಏನನ್ನುತ್ತೀ? "ನಾ ಪೇರು ಶಂಕ್ರಮ್ಮ!" ಹಿಂದಿಯಲ್ಲಿ ಕೇಳಿದರೆ? "ಮೇರಾ ನಾಮ್ ಶಂಕ್ರಮ್ಮ!" ಶಾಲೆಗೆ ಸಾಹೇಬರು ಬರುವ ಹಿಂದಿನ ದಿನ ಮಕ್ಕಳು ಒಪ್ಪಿಸುವ ಹಾಗೆ ಒಬ್ಬೊಬ್ಬರೂ ಒಪ್ಪಿಸಿದರು. ಒಬ್ಬರೂ ತಡವರಿಸಲಿಲ್ಲ. ನನಗೆ ನನ್ನ ಬುದ್ಧಿವಂತಿಕೆಯ ಮೇಲೆ ಭಾರೀ ಅಭಿಮಾನ ಬಂತು.

ಸೋಮವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಸವಲಿಂಗಪ್ಪನವರು ಬಂದರು. ನಗರದ ಇನ್ನೊಂದು ತುದಿಯ ಕುಷಾಯಿಗೂಡದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ತೋಳು ಮಡಚಿದ ಬಿಳಿ ಅಂಗಿ, ಹೆಗಲಿಗೆ ಬಟ್ಟೆ ಚೀಲ, ಚೀಲದಲ್ಲಿ ಊಟದ ಡಬ್ಬಿ. ಅಲ್ಲಿನ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಯಾರಾದ ಮಾಲು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಮೌಲ್ಯಮಾಪನದ ಗುತ್ತಿಗೆ ಹಿಡಿದ ಕಂಪನಿ ಇಂಥ ನಿವೃತ್ತರನ್ನೇ ಓಡಾಟಕ್ಕೆ ಹಾಕಿಕೊಂಡಿತ್ತು; ಅವರು ಕಾರು ಕೇಳುವುದಿಲ್ಲ. ಹೆಸರು ನೋಡಿ ಕನ್ನಡದವರೆಂದು ಹೇಳುವಂತಿರಲಿಲ್ಲ; ಆ ಹೆಸರಿನವರು ತೆಲುಗು ಸೀಮೆಯ ಜಹೀರಾಬಾದ್ ಕಡೆಯೂ ಬೇಕಾದಷ್ಟು ಜನ ಇದ್ದಾರೆ, ಅಲ್ಲದೆ ಅವರು ಬಾಯಿ ತೆರೆದದ್ದೇ ಹಿಂದಿಯಲ್ಲಿ. ನಾನೂ ಹಿಂದಿಯಲ್ಲೇ ಉತ್ತರಿಸಿದೆ. ಮನೆಯ ಹೊಸಿಲು ದಾಟಿದರೆ ಇಲ್ಲಿಯ ಕನ್ನಡದವರು ನಾವೆಲ್ಲ ಹಾಗೇ.

ಚಾ ತರಿಸಿದೆ, ಮುಟ್ಟಲಿಲ್ಲ. ಪರೀಕ್ಷೆ ಮಾಡಬೇಕಾದವರ ಚಾ ಕುಡಿದರೆ ಆಮೇಲೆ ಅವರ ಮಾಲನ್ನು ಬೇಡ ಅನ್ನಲು ನಾಚಿಕೆಯಾಗುತ್ತದೆ, ಕಾರ್ಖಾನೆಯಲ್ಲಿ ಅದು ನಮ್ಮ ನಿಯಮವಾಗಿತ್ತು ಎಂದರು. ಎಂಥ ಒಣ ಮನುಷ್ಯ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮಧ್ಯಾಹ್ನ ಊಟದ ಹೊತ್ತಿಗೆ ಗಚ್ಚಿಬೌಲಿಯ ಒಂದು ಕ್ಯಾಂಪಸ್ಸಿನ ಹಿಂದಿನ ಗೇಟಿಗೆ ಕರೆದುಕೊಂಡು ಹೋದೆ. ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ನಮ್ಮ ಹತ್ತು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಬಸವಲಿಂಗಪ್ಪನವರು ಒಬ್ಬೊಬ್ಬರ ಹೆಸರು ಕೇಳಿದರು, ಪಾಸು ನೋಡಿದರು, ಬರೆದುಕೊಂಡರು. ಹತ್ತಕ್ಕೆ ಹತ್ತೂ ಸರಿ. ನಾನು ಒಳಗೊಳಗೇ ಬೀಗಿದೆ.

ಅವರು ಪೆನ್ನು ಜೇಬಿಗೆ ಸಿಕ್ಕಿಸಿ, ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ತಮ್ಮ ಡಬ್ಬಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ. ಎದುರಿಗೆ ಕೂತಿದ್ದ ಬಂಡೆಮ್ಮ ಅದನ್ನು ನೋಡಿದಳು. ನೋಡಿದವಳು ಸುಮ್ಮನಿರಬೇಕೋ ಬೇಡವೋ?

"ಯಪ್ಪಾ, ನಿಮ್ಮನ್ಯಾಗೂ ಪುಂಡಿಪಲ್ಯ ಮಾಡ್ತಾರೇನ್ರಿ?"

ಬಸವಲಿಂಗಪ್ಪನವರು ತಲೆ ಎತ್ತಿದರು. "ಮಾಡ್ತಾರವ್ವಾ. ನಮ್ದು ಸಿಂದಗಿ ಕಡೆ. ನಿಂದ್ಯಾವೂರ?"

"ಸುರಪುರ ಹತ್ರರೀ!"

"ಯಾರ ಪೈಕಿ?"

"ದ್ಯಾವಪ್ಪನ ಮಗಳ್ರೀ ಯಪ್ಪಾ, ನಾ ಬಂಡೆಮ್ಮ."

ತೆಲುಗಿನಲ್ಲಿ ಕೇಳಿದ್ದರೆ ಹೇಳುತ್ತಿರಲಿಲ್ಲ. ಹಿಂದಿಯಲ್ಲಿ ಕೇಳಿದ್ದರೆ ಹೇಳುತ್ತಿರಲಿಲ್ಲ. ಯಾರ ಪೈಕಿ ಎಂದು ಹಿರಿಯರೊಬ್ಬರು ನಮ್ಮ ಮಾತಿನಲ್ಲಿ ಕೇಳಿದರೆ ಸುಳ್ಳು ಹೇಳಬಹುದು ಎಂಬುದು ಆ ಹೆಂಗಸರಿಗೆ ಹೊಳೆಯುವುದೇ ಇಲ್ಲ. ಉಳಿದವರೂ ಬಿಡಲಿಲ್ಲ. ನಾ ಗದಿಗೆಮ್ಮರೀ, ನಾ ಯಂಕಮ್ಮರೀ, ನಮ್ಮತ್ತಿ ತವರು ಸಿಂದಗೀನರೀ ಎಂದು ಮುಗಿಬಿದ್ದು ಹೇಳಿದರು. ಒಬ್ಬಳು ಶೇಂಗಾ ಹಿಂಡಿ ಅವರ ರೊಟ್ಟಿಗೆ ಹಾಕಿಯೇಬಿಟ್ಟಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಬಂಡೆಮ್ಮನಿಗೆ ನನ್ನ ಮುಖ ಕಂಡಾಗಲೇ ತಾನೇನು ಮಾಡಿದೆ ಎಂದು ಗೊತ್ತಾದದ್ದು. ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು.

ಬಸವಲಿಂಗಪ್ಪನವರು ಊಟ ಮುಗಿಸಿ, ಕೈ ತೊಳೆದು, ಎಲ್ಲರಿಗೂ ಬರ್ತೀನಿ ಹೇಳಿ, ರಸ್ತೆಗೆ ನಡೆದರು. ನಾನು ಕ್ಯಾಬುಗಳ ನಡುವೆ ನುಗ್ಗಿ ಅವರ ಹಿಂದೆ ಓಡಿದೆ.

"ಸರ್, ಕನ್ನಡದವರು ಅಂತ ಮೊದಲ ಹೇಳಬಾರದಾಗಿತ್ತೇನ್ರಿ?"

"ನೀವೂ ಹೇಳ್ಲಿಲ್ಲಲ್ರೀ."

"ಇದನ್ನ ಬರೀತೀರೇನು?"

"ಬರೀತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ನಡುರಸ್ತೆಯಲ್ಲಿ ನಿಂತು ಕೂಗಾಡಿದೆ. ಈ ಐವತ್ತೆಂಟು ಜಾಗಕ್ಕ ನಾ ಎಷ್ಟು ಮಂದಿ ಕಾಲು ಹಿಡಿದೀನಿ ಗೊತ್ತೇನ್ರಿ, ನಮ್ಮವರಾಗಿ ನೀವೇ ಹಿಂಗ ಮಾಡಿದ್ರ ಹೆಂಗ್ರಿ, ಮಿಷಿನ್ ಮ್ಯಾಲಿನ ಪ್ಲಾಸ್ಟಿಕ್ ಸೈತ ತೆಗೀದ ಆಚಿ ಶಾಖೆಯವರಿಗೆ ಎಷ್ಟು ಕೊಟ್ರಿ ಎಂದೆ.

"ಸೊನ್ನಿ."

"ನನಗೂ ಸೊನ್ನೀನ?"

"ಅದಿನ್ನೂ ಗೊತ್ತಿಲ್ಲ" ಎಂದರು ಅವರು, ನನ್ನ ಕೂಗಾಟ ಕಿವಿಗೇ ಬೀಳದವರ ಹಾಗೆ. "ಕೆಟ್ಟ ಪೀಸ್ ಬ್ಯಾರೆ, ಕೆಟ್ಟ ಲೇಬಲ್ ಬ್ಯಾರೆ. ನಿಮ್ಮ ಲೇಬಲ್ ಸುಳ್ಳೈತಿ ಅನ್ನೂದು ಇವತ್ತ ಗೊತ್ತಾತು. ಪೀಸ್ ಹೆಂಗೈತಿ ಅಂತ ನೋಡ್ಬೇಕಲ್ಲ? ನಾಳೆ ಒಂಬತ್ತಕ್ಕ ಬರ್ತೀನಿ. ರಿಜಿಸ್ಟರ್, ಗುತ್ತಿಗಿದಾರರ ಹಾಜರಿ ಪಟ್ಟಿ, ಎಲ್ಲಾ ತೆಗ್ದಿಡ್ರಿ."

ಒಂದು ಶಾಖೆಗೆ ಅವರಿಗೆ ಕೊಟ್ಟದ್ದು ಮೂರು ದಿನ. ನಮ್ಮಲ್ಲಿ ಅವರು ಒಂಬತ್ತು ದಿನ ಇದ್ದರು. ಕಂಪನಿಯ ಹುಡುಗರು ಫೋನಿನಲ್ಲಿ ಬೈಯುವುದು ನನ್ನ ಮೇಜಿಗೇ ಕೇಳುತ್ತಿತ್ತು. ಅವರು ಹೂಂ ಹೂಂ ಎಂದು ಕೇಳಿ, ಫೋನಿಟ್ಟು, ಮತ್ತೆ ಸ್ಕೇಲು ಕೈಗೆತ್ತಿಕೊಳ್ಳುತ್ತಿದ್ದರು.

ಗ್ರಾಫ್ ಹಾಳೆಗಳನ್ನು ಅಂಟಿಸಿ ಅಂಟಿಸಿ ಅವರು ಒಂದು ಉದ್ದನೆಯ ಪಟ್ಟಿ ಮಾಡಿದರು. ಒಂದು ಜಾಗಕ್ಕೆ ಒಂದು ಗೆರೆ, ಒಟ್ಟು ಐವತ್ತೆಂಟು ಗೆರೆ. ಗೆರೆಯ ಮೇಲೆ ಯಾವ ದಿನದಿಂದ ಯಾವ ದಿನದವರೆಗೆ ಯಾರು ಎಂದು ಪೆನ್ಸಿಲ್ಲಿನಲ್ಲಿ ನಿಜವಾದ ಹೆಸರು. ಹೇಳುವವಳು ಸೂಗಮ್ಮ. ಅರವತ್ತು ದಾಟಿದ, ಒಂದಕ್ಷರ ಬಾರದ ಆ ಹೆಂಗಸು ಬಿಡಾರದ ಮುಂದೆ ಮಂಚದ ಮೇಲೆ ಕೂತು, ಎರಡು ವರ್ಷದ ಪಾಳಿಯನ್ನು ಒಂದು ದಿನ ತಪ್ಪದೆ ಹೇಳಿದಳು. ಅವಳ ಲೆಕ್ಕ ಯಾರ ಬಾಣಂತನ, ಯಾರ ಹೊಲದ ಹತ್ತಿ, ಯಾರ ಮಾವನ ಮಣ್ಣು ಎಂದು ನಡೆಯುತ್ತಿತ್ತು. ಇವರು ಅದನ್ನು ತಾರೀಖಿಗೆ ಇಳಿಸಿ ಹಾಜರಿ ಪಟ್ಟಿಗೆ ತಾಳೆ ನೋಡುತ್ತಿದ್ದರು.

ಒಂದು ಕಡೆ ಮಾತ್ರ ತಾಳೆ ಆಗಲಿಲ್ಲ. "ಇಲ್ಲಿ ನಾಕ್ ದಿನ ಖಾಲಿ ಬಿಟ್ಟಿ ನೋಡವ್ವಾ" ಎಂದರು ಬಸವಲಿಂಗಪ್ಪನವರು.

ಸೂಗಮ್ಮ ಕೆರಳಿದಳು. "ಖಾಲಿ ಎಲ್ಲಿ ಬಿಟ್ಟೀನಪ್ಪಾ? ಆ ನಾಕ್ ದಿನ ಆ ಕಟ್ಟಡಕ್ಕ ಯಾರೋ ಪರದೇಶದ ಮಂದಿ ಬಂದಿದ್ರು, ಕೂಲಿಯವರ್ನ ಒಳಗ ಬಿಡ್ಲಿಲ್ಲ. ಹೋಗಿ ಕೇಳ್ ಬೇಕಾದ್ರ."

ಅವರು ನಿಜವಾಗಿ ಹೋಗಿ ಕೇಳಿದರು. ನಾನಾಗಿದ್ದರೆ ಹೋಗುತ್ತಿರಲಿಲ್ಲ, ಬಿಸಿಲು ಹಾಗಿತ್ತು. ಹಿಂತಿರುಗಿ ಬಂದು, ಚಪ್ಪಲಿ ಬಿಟ್ಟು, ಸೂಗಮ್ಮನ ಮುಂದೆ ನಿಂತು, "ನಿಂದ ಖರೆ ಐತವ್ವಾ, ತಪ್ಪು ನಂದು" ಎಂದು ಹಾಳೆಯ ಮೇಲಿನ ಗುರುತನ್ನು ರಬ್ಬರಿನಿಂದ ಅಳಿಸಿದರು. ಅಷ್ಟರಲ್ಲಿ ಇಪ್ಪತ್ತು ವರ್ಷ ಸರ್ಕಾರಿ ಕೆಲಸ ಮಾಡಿದ್ದೆ. ಸಾಹೇಬರೊಬ್ಬರು ಕೂಲಿ ಹೆಂಗಸಿನ ಮುಂದೆ ತಪ್ಪು ನನ್ನದು ಎಂದದ್ದನ್ನು ನಾನು ಮೊದಲ ಸಲ ಕಂಡದ್ದು ಅವತ್ತು. ಅವರ ಮೇಲಿದ್ದ ಸಿಟ್ಟು ಎಲ್ಲಿ ಕರಗಿತೋ ನನಗೇ ತಿಳಿಯಲಿಲ್ಲ.

ಪಟ್ಟಿ ಮುಗಿದಾಗ ನನ್ನ ಮೇಜಿನ ಈ ತುದಿಯಿಂದ ಆ ತುದಿಗೆ ಹಾಸಿ, ಇನ್ನೂ ಇಳಿಬಿದ್ದಿತ್ತು. ಐವತ್ತೆಂಟು ಜಾಗಗಳಲ್ಲಿ ನೂರ ನಲವತ್ತಮೂರು ಹೆಂಗಸರು ಕೆಲಸ ಮಾಡಿದ್ದರು. ಎರಡು ವರ್ಷದಲ್ಲಿ, ಕೆಲಸವಿದ್ದ ಒಂದು ದಿನವೂ ಒಂದು ಜಾಗವೂ ಖಾಲಿ ಬಿದ್ದಿರಲಿಲ್ಲ. ಅಂಬಾದಾಸ ಗೆರೆ ಗೆರೆಗೂ ಬೆರಳಿಟ್ಟು ಎರಡು ಸಲ ಎಣಿಸಿದ. 

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಬಸವಲಿಂಗಪ್ಪನವರು ಚೀಲ ಹೆಗಲಿಗೇರಿಸಿ, ಗಚ್ಚಿಬೌಲಿಯಾಚೆ ವಿಶ್ವವಿದ್ಯಾಲಯದ ಹಿಂದುಗಡೆ ಇರುವ ಇನ್ನೊಂದು ಬಿಡಾರಕ್ಕೆ ನಡೆಯಿರಿ ಎಂದರು.

"ಅಲ್ಲಿಗೆ ನಮ್ಮ ಶಾಖೆಯವರು ಯಾರೂ ಹೋಗೇ ಇಲ್ಲಲ್ರೀ ಸರ್."

"ಅದಕ್ಕ ಹೋಗೂದು, ತಂಗಿ."

ಬಸ್ಸಿನಲ್ಲಿ ಅದರ ಅರ್ಥ ಹೇಳಿದರು. ಕಾರ್ಖಾನೆಯಲ್ಲಿ ಕೆಲವು ಬಿಡಿಭಾಗಗಳನ್ನು ದೊಡ್ಡ ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಿದ್ದರಂತೆ. ಪ್ರತಿ ಸಲವೂ ಒಂದು ಪೀಸನ್ನು ಒಲೆಗೆ ಹಾಕದೆ ಪಕ್ಕಕ್ಕೆ ಇಡುತ್ತಿದ್ದರಂತೆ. "ಎರಡೂ ಅಷ್ಟ ಗಟ್ಟಿ ಇದ್ವು ಅಂದ್ರ ಒಲಿ ಏನೂ ಮಾಡಿಲ್ಲ ಅಂತ ಅರ್ಥ. ನೀವು ಇರದಿದ್ರ ಈ ಮಂದಿ ಹೆಂಗಿರ್ತಿತ್ತು ಅಂತ ನಿಮ್ಮ ಬಿಡಾರದಾಗ ಕೂತು ಗೊತ್ತಾಗೂದಿಲ್ಲ." ಐದು ವರ್ಷ ಶಾಖೆ ನಡೆಸಿದ್ದೆ. ಎಷ್ಟು ಜನಕ್ಕೆ ಏನು ಮಾಡಿದೆ ಎಂದು ತಿಂಗಳು ತಿಂಗಳು ಬರೆದು ಕಳಿಸಿದ್ದೆ. ನಾನು ಮಾಡದಿದ್ದರೆ ಏನಾಗುತ್ತಿತ್ತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಆ ಬಿಡಾರದಲ್ಲಿ ಅದೇ ತಾಲೂಕುಗಳ ಜನ, ಅವೇ ತಗಡಿನ ಗೋಡೆಗಳು, ಹೆಚ್ಚುಕಡಿಮೆ ಅಷ್ಟೇ ಮನೆಗಳು. ಕಟ್ಟಡದಿಂದ ಕಟ್ಟಡಕ್ಕೆ ಹೋಗುತ್ತಿದ್ದರು; ಒಬ್ಬಳು ಊರಿಗೆ ಹೋಗಿ ಬಂದರೆ ಅವಳ ಕೆಲಸ ಹೋಗಿರುತ್ತಿತ್ತು. ಶಾಲೆಯಲ್ಲಿ ವರ್ಷಪೂರ್ತಿ ನಿಂತ ಮಕ್ಕಳು ಎಷ್ಟು ಎಂದು ಬಸವಲಿಂಗಪ್ಪನವರು ಮನೆ ಮನೆಗೂ ಕೇಳಿದರು. ಆರು. ನಾಳೆ ನಿಮ್ಮ ಬಿಡಾರದ ಮಕ್ಕಳನ್ನು ಎಣಿಸೋಣ ಎಂದು ಪುಸ್ತಕ ಮುಚ್ಚಿದರು.

ವಾಪಸು ಬರುವಾಗ ಬಸ್ ಸ್ಟಾಪಿನಲ್ಲಿ ನಿಂತು ಅವರು ನನ್ನ ಕುತ್ತಿಗೆಗೆ ಬರುವ ಮಾತು ಹೇಳಿದರು.

"ನೋಡು ತಂಗಿ. ನಿನ್ನ ರಿಜಿಸ್ಟರ್ ಖರೆ ಅಂದ್ರ ನನ್ನ ಪಟ್ಟಿ ಸುಳ್ಳು. ನನ್ನ ಪಟ್ಟಿ ಖರೆ ಅಂದ್ರ ನಿನ್ನ ರಿಜಿಸ್ಟರ್ ಸುಳ್ಳು. ಎರಡೂ ಒಂದ ಫೈಲಿನಾಗ ಇರಾಕ ಬರಂಗಿಲ್ಲ. ರಿಜಿಸ್ಟರ್ ಸುಳ್ಳು ಅಂತ ನೀನ ನಿನ್ನ ಕೈಯಾರೆ ಬರ್ದು ಕೊಟ್ರ, ಸರ್ಕಾರದ ಸಮಿತಿಯವರು ನನ್ನ ಪಟ್ಟಿ ನೋಡೇ ನೋಡ್ತಾರ. ಶಾಖೆ ಉಳೀತೈತಿ ಅಂತ ನನಗನಸ್ತೈತಿ."

"ನಾನು?"

"ನೀ ಉಳಿಯೂದು ಕಷ್ಟ."

"ಬರ್ದು ಕೊಡದಿದ್ರ?"

"ಸರ್ಕಾರಿ ರಿಜಿಸ್ಟರ್ ಮುಂದ ನನ್ನ ಪೆನ್ಸಿಲ್ ಪಟ್ಟಿ ನಿಲ್ಲಂಗಿಲ್ಲ. ರಿಜಿಸ್ಟರ್ ಬಗ್ಗೆ ಅನುಮಾನ ಐತಿ ಅಂತ ಬರ್ದು ಅರವತ್ತಕ್ಕ ಸೊನ್ನಿ ಹಾಕ್ತೀನಿ. ಶಾಖೆ ಮುಚ್ತದ. ಅನುಮಾನಕ್ಕ ಯಾರೂ ಶಿಕ್ಷಾ ಕೊಡಂಗಿಲ್ಲ. ನಿನ್ನ ಬ್ಯಾರೆ ಶಾಖಿಗೆ ಹಾಕ್ತಾರ, ಅಷ್ಟ."

ಮುಂದಿನ ವರ್ಷ ನನಗೆ ಬಡ್ತಿ ಇತ್ತು. ನನ್ನ ಹೆಸರಿಗೆ ಇಪ್ಪತ್ತು ವರ್ಷದಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಮನೆಗೆ ಹೋಗಿ ರಾತ್ರಿ ಎದ್ದು ಕೂತೆ. ಒಳ್ಳೆಯದಕ್ಕಾಗಿ ಬರೆದ ಸುಳ್ಳಿಗೆ ನಾನೇಕೆ ಕೈಯಾರೆ ಕುತ್ತಿಗೆ ಕೊಡಬೇಕು ಎಂದು ವಾದ ಮಾಡಿಕೊಂಡೆ. ಬೆಳಗಾಗುವ ಹೊತ್ತಿಗೆ ಆ ವಾದದಲ್ಲಿ ನಾನೇ ಗೆದ್ದಿದ್ದೆ. ಬರೆದು ಕೊಡುವುದಿಲ್ಲ ಎಂದು ಹೇಳಿಬಿಡುವುದೆಂದು ನಿಶ್ಚಯ ಮಾಡಿಕೊಂಡು ನಮ್ಮ ಬಿಡಾರಕ್ಕೆ ಹೋದೆ.

ಬಸವಲಿಂಗಪ್ಪನವರು ಆಗಲೇ ಬಂದು ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಶಾಲೆಯ ಹಾಜರಿಯ ನಕಲು ತಂದಿದ್ದರು. ಮಗುವಿನ ಹೆಸರು, ಯಾವ ಇಯತ್ತೆ, ತಾಯಿಯ ಹೆಸರು. ನಲವತ್ತೊಂದು ಮಕ್ಕಳು. ಆ ಕಡೆ ಆರು, ಈ ಕಡೆ ನಲವತ್ತೊಂದು. ತಾಯಿ ಊರಿಗೆ ಹೋದರೂ ಜಾಗ ಉಳಿಯುತ್ತಿತ್ತು, ಜಾಗ ಉಳಿದರೆ ಬಿಡಾರ ಉಳಿಯುತ್ತಿತ್ತು, ಬಿಡಾರ ಉಳಿದದ್ದರಿಂದ ಮಕ್ಕಳು ಅದೇ ಶಾಲೆಯಲ್ಲಿ ಉಳಿದಿದ್ದರು. ಇದು ನಾನು ಮಾಡಿದ್ದು. ನನಗೇ ಗೊತ್ತಿಲ್ಲದೆ ಮಾಡಿದ್ದು. ನನಗೆ ಎದೆ ತುಂಬಿ ಬಂತು, ಹೇಳಲು ನಾಚಿಕೆಯಿಲ್ಲ.

ಸಾಲಿನಲ್ಲಿ ಬಂಡೆಮ್ಮನ ಮಗಳು ಗಂಗಾಳ ಸರದಿ ಬಂತು. ಏಳು ವರ್ಷ, ಎರಡನೇ ಇಯತ್ತೆ.

"ನಿಮ್ಮವ್ವನ ಹೆಸರೇನು, ತಾಯೀ?" ಎಂದು ಬಸವಲಿಂಗಪ್ಪನವರು ಕೇಳಿದರು.

ಗಂಗಾ ತಿರುಗಿ, ಬಾಗಿಲಲ್ಲಿ ನಿಂತಿದ್ದ ಬಂಡೆಮ್ಮನನ್ನು ನೋಡಿದಳು.

"ಯವ್ವಾ, ಯಾವ್ ಹೆಸರು ಹೇಳ್ಲಿ?"

ಬಂಡೆಮ್ಮ ನನ್ನನ್ನು ನೋಡಿದಳು. ಅವಳು ಅಪ್ಪಣೆ ಕೇಳುತ್ತಿದ್ದಳು. ತನ್ನ ಮಗಳು ತನ್ನ ಹೆಸರು ಹೇಳಬಹುದೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದಳು. ಗೇಟ್ ಪಾಸು ತೋರಿಸಿ ಮಗಳನ್ನು ಶಾಲೆಗೆ ಸೇರಿಸುವಾಗ ತಾಯಿಯ ಹೆಸರು ಶಂಕ್ರಮ್ಮ ಎಂದೇ ಬರೆಸಿದ್ದಳಂತೆ. ಹಾಜರಿಯ ನಕಲಿನಲ್ಲೂ ಹಾಗೇ ಇತ್ತು. ಯಾರಿಗೇನು ನಷ್ಟ ಎಂದುಕೊಂಡಿದ್ದೆನಲ್ಲ, ಆ ಎರಡು ವರ್ಷದ ಸಮಾಧಾನ ಒಂದೇ ಕ್ಷಣದಲ್ಲಿ ಹೋಯಿತು. ಬಸವಲಿಂಗಪ್ಪನವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅವರ ಮೇಲೇ ರೇಗುತ್ತಿದ್ದೆನೋ ಏನೋ.

"ನಿಮ್ಮವ್ವನ ಹೆಸರು ಬಂಡೆಮ್ಮ. ಹಂಗ ಹೇಳು" ಎಂದೆ ಗಂಗಾಳಿಗೆ.

ನನ್ನ ಜೊತೆ ಬಂದಿದ್ದ ಅಂಬಾದಾಸನಿಂದ ಒಂದು ಬಿಳಿ ಹಾಳೆ ಇಸಿದುಕೊಂಡು ಸೂಗಮ್ಮನ ಮಂಚದ ಮೇಲೆ ಕೂತು ಬರೆದೆ. ಎರಡು ವರ್ಷ ನಾನು ತಿಳಿದೂ ತಿಳಿದೂ ತಪ್ಪು ಹೆಸರುಗಳನ್ನು ಬರೆದಿದ್ದೇನೆ, ಈ ಹೆಂಗಸರದು ಇದರಲ್ಲಿ ತಪ್ಪಿಲ್ಲ, ಇವರಿಗೆ ಅವರವರ ಹೆಸರಿನಲ್ಲಿ ಪಾಸು ಕೊಡಿಸಬೇಕು. ಸಹಿ ಹಾಕಿದೆ. ಬಸವಲಿಂಗಪ್ಪನವರು ಅದನ್ನು ಎರಡು ಸಲ ಓದಿ, ಮಡಚಿ, ಚೀಲದಲ್ಲಿಟ್ಟುಕೊಂಡರು. ಶಹಬ್ಬಾಸ್ ಎನ್ನಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಕುಷಾಯಿಗೂಡದ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅವರನ್ನು ಮತ್ತೆ ನಾನು ನೋಡಲಿಲ್ಲ.

ಎರಡು ತಿಂಗಳಲ್ಲಿ ನನಗೆ ಮೆಮೊ ಬಂತು. ಬಡ್ತಿ ತಡೆಹಿಡಿದರು. ಕೊಂಡಾಪುರದಿಂದ ತೆಗೆದು ಮುಖ್ಯ ಕಚೇರಿಯ ಟಪಾಲು ವಿಭಾಗಕ್ಕೆ ಹಾಕಿದರು. ಬಂದ ಕಾಗದಕ್ಕೆ ಮೊಹರು ಒತ್ತಿ, ನಂಬರು ಬರೆದು, ಆಯಾ ಮೇಜಿಗೆ ಕಳಿಸುವ ಕೆಲಸ. ಮಾತಾಡಿಸಲು ಜನವಿಲ್ಲ, ಜಗಳವಾಡಲು ಗುತ್ತಿಗೆದಾರರಿಲ್ಲ. ಮೊದಲ ವಾರ ಅಲ್ಲಿಯ ಮೇಜಿನ ಧೂಳು ಒರೆಸುವುದರಲ್ಲೇ ಕಳೆದೆ.

ಚಳಿಗಾಲದಲ್ಲಿ ಒಂದು ದಿನ ಬೆಳಗಿನ ಟಪಾಲಿನಲ್ಲಿ ದಪ್ಪನೆಯ ಲಕೋಟೆ ಬಂತು. ನಿಗಮದ ಶಾಖೆಗಳ ಮೌಲ್ಯಮಾಪನ ವರದಿ. ಅದಕ್ಕೆ ಮೊಹರು ಒತ್ತಬೇಕಾದವಳು ನಾನೇ. ಒತ್ತುವ ಮೊದಲು ಬಾಗಿಲ ಕಡೆ ಒಮ್ಮೆ ನೋಡಿ ಪುಟ ತಿರುವಿದೆ. ಆಚೆ ಶಾಖೆ, ಮುಚ್ಚತಕ್ಕದ್ದು. ಕೊಂಡಾಪುರ ಶಾಖೆ, ಮುಂದುವರಿಸತಕ್ಕದ್ದು; ಒಂದೊಂದು ಜಾಗಕ್ಕೂ ಪಾಳಿಯ ಮೇಲೆ ಮೂವರಂತೆ, ಅವರವರ ಸ್ವಂತ ಹೆಸರಿನಲ್ಲಿ ಪಾಸು ಕೊಡುವ ಪದ್ಧತಿಯನ್ನು ಉಳಿದ ಶಾಖೆಗಳೂ ಅನುಸರಿಸತಕ್ಕದ್ದು. ಹಿಂದೆ ನಾಲ್ಕು ಪುಟದ ಪಟ್ಟಿ. ನೂರ ನಲವತ್ತಮೂರು ಹೆಸರು, ಎಲ್ಲವೂ ನಿಜವಾದವು.

ಕೊಂಡಾಪುರದ ಪುಟದ ಕೆಳಗೆ ಬಸವಲಿಂಗಪ್ಪನವರು ತಮ್ಮ ಕೈಬರಹದಲ್ಲೇ ಷರಾ ಬರೆದಿದ್ದರು. ಇಂಗ್ಲಿಷಿನಲ್ಲಿತ್ತು, ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ:

"ಅಂಕ ಎಪ್ಪತ್ತೊಂದು. ಇಪ್ಪತ್ತೊಂಬತ್ತು ಕಳೆದದ್ದಕ್ಕೆ ಕಾರಣ, ಶಾಖಾಧಿಕಾರಿ ಶ್ರೀಮತಿ ಗುರುದೇವಿ. ಎಪ್ಪತ್ತೊಂದು ಬಂದದ್ದಕ್ಕೂ ಅವರೇ ಕಾರಣ."

ಕಣ್ಣು ಒರೆಸಿಕೊಂಡೆ. ಆಮೇಲೆ ಮೊಹರು ಒತ್ತಿ ನಂಬರು ಹಾಕಿದೆ.